ಎದ್ದರು, ಏಳುತ್ತಿದ್ದರು

ಪರಭಾಷೆಯನ್ನು ಅಭ್ಯಾಸಮಾಡುವವನು ಎಡವುವುದು ದೊಡ್ಡ ದೊಡ್ಡ ಶಬ್ದಗಳಲ್ಲಲ್ಲ. ತತ್ತ್ವ, ನ್ಯಾಯ, ರಾಜ್ಯಾಂಗ ಮೊದಲಾದುವಕ್ಕೆ ಕೋಶದಲ್ಲಿ ಪ್ರತಿಶಬ್ದಗಳು ದೊರೆಯುತ್ತವೆ. ಏಳುವುದು, ತೊಳೆದುಕೊಳ್ಳುವುದು, ಕುಳಿತುಕೊಳ್ಳುವುದು, ನಿದ್ದೆಹೋಗುವುದು ಎಂಬ, ಹಸುಳೆಗಳೂ ಆಡುವ ಮಾತುಗಳಲ್ಲಿಯೇ ಪಂಡಿತನೂ ನಗೆಗೀಡಾಗುವನು.

ಸ್ಪೇನ್ ದೇಶದ ಸಾಲಮಾಂಕವು ಪ್ರಾಚೀನವಾದ ವಿದ್ಯಾನಗರ. ಅಲ್ಲಿಯ ವಿಶ್ವವಿದ್ಯಾನಿಲಯವು 1218ನೆಯ ಇಸವಿಯಲ್ಲಿ ಸ್ಥಾಪಿತವಾದುದು. ಆಂತೋನಿಯೊ ದೆ ನೆಬ್ರಿಹಾ ಎಂಬ ವಿದ್ವಾಂಸನು ಕಸ್ತೀಲಿಯದ ನುಡಿಗೆ ರಚಿಸಿದ ವ್ಯಾಕರಣವು 1492ರಲ್ಲಿ ಆ ಊರಿನಲ್ಲಿಯೇ ಅಚ್ಚಾಯಿತು. ಅಂಥ ಊರಿನಲ್ಲಿ, ತೋರ್ಮೆಸ್ ನದಿಗೆ ಅನತಿದೂರದ ಮನೆಯೊಂದರಲ್ಲಿ, ಕನ್ನಡನಾಡಿನ ತರುಣನೊಬ್ಬನು ವಿದ್ಯಾರ್ಥಿಯಾಗಿ ಬಿಡಾರಮಾಡಿದ್ದನು. ಮನೆಯೊಡತಿ ವೃದ್ಧೆ, ವಿಧವೆ. ರಾತ್ರಿಯ ಊಟವಾದಮೇಲೆ ಆಕೆ ಗತಿಸಿದ ಗಂಡನ ಮಾತನ್ನಾಡುವಳು. ತರುಣನು ಕೇಳುತ್ತ ಕುಳಿತಿರುವನು. ಒಂದು ರಾತ್ರಿ ಆಕೆ ಅವನ ತಂದೆಯ ವಿಷಯವನ್ನು ವಿಚಾರಿಸಿದಳು. ತಂದೆ ತೀರಿಕೊಂಡು ಎರಡು ವರ್ಷಗಳಾಗಿದ್ದುವು.

ನಮ್ಮ ತಂದೆಯವರು ನಾಲ್ಕು ಗಂಟೆಗೆ ಏಳುತ್ತಿದ್ದರು ಎಂದು ಹೇಳಬೇಕೆಂಬುದು ಅವನ ಅಭಿಪ್ರಾಯ. ಬಾಯಿಂದ ಬಂದುದು "ಲೆವಂತೊ" ಎಂದು. "ಏನನ್ನು ಎತ್ತಿದರು?" ಎಂದಳು ಆಕೆ. ತಪ್ಪನ್ನರಿತು "ಸೆ ಲೆವಂತೊ" ಎಂದು ತಿದ್ದಿಕೊಂಡನು. ಆಕೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಯಾವ ದಿನ? ಅಂದು ಏನಾಯಿತು?" ಎಂದು ಕಾತರದಿಂದ ಕೇಳಿದಳು. ಅಂದು ಏನೂ ಆಗಿರಲಿಲ್ಲ. ಪ್ರತಿದಿನವೂ ಆಗುತ್ತಿದ್ದುದನ್ನೇ ಅವನು ಹೇಳಹೊರಟಿದ್ದನು.

ಒಂದು ಮಾತಿನಲ್ಲಿ ಎರಡು ತಪ್ಪುಗಳು. ಎರಡೂ ವಿಚಾರಾರ್ಹವಾದುವೇ.

ಮೊದಲನೆಯದು ಆತ್ಮಾರ್ಥದ ವಿಷಯ. ಲೆವಂತಾರ್ ಎಂದರೆ ಎತ್ತು; ಲೆವಂತಾರ್ಸೆ ಎಂದರೆ ತನ್ನನ್ನು ತಾನು ಎತ್ತಿಕೊಳ್ಳು, ಅರ್ಥಾತ್ ಏಳು. ಲಾವಾರ್ ಎಂದರೆ ತೊಳೆ. ಲಾವಾರ್ಸೆ ಎಂದರೆ ತೊಳೆದುಕೊಳ್ಳು. ಸೆಂತಾರ್ ಎಂದರೆ ಕುಳ್ಳಿರಿಸು. ಸೆಂತಾರ್ಸೆ ಎಂದರೆ ಕುಳಿತುಕೊಳ್ಳು. ಋತ್ವಿಜನು ಪರರಿಗಾಗಿ ಯಾಗಮಾಡಿದರೆ 'ಯಜತಿ' ಎಂದೂ ಯಜಮಾನನು ತನಗಾಗಿ ಮಾಡಿದರೆ 'ಯಜತೇ' ಎಂದೂ ಹೇಳುವ ಸಂಸ್ಕೃತದ ಮರ್ಯಾದೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಸಂಸ್ಕೃತವು ಈ ಭೇದವನ್ನು ಪ್ರತ್ಯಯದಲ್ಲಿ ತೋರಿಸುವುದು. ಕನ್ನಡವು 'ಕೊಳ್ಳು' ಎಂಬ ಸಹಾಯಧಾತುವಿನಿಂದ. ಸ್ಪ್ಯಾನಿಷ್ ಭಾಷೆಯು ಪುರುಷವಚನಗಳಿಗೆ ತಕ್ಕಂತೆ ಬದಲಾಗುವ ಮೆ, ತೆ, ಸೆ, ನೊಸ್, ಒಸ್, ಸೆ ಎಂಬ ಪುಟ್ಟ ಸರ್ವನಾಮಗಳಿಂದ. ಇವು ಧಾತುರೂಪದ ಕೊನೆಗೆ ಅಂಟಿಕೊಳ್ಳುವುವು. ಕಾಲವುಳ್ಳ ಕ್ರಿಯಾಪದಕ್ಕೆ ಮೊದಲೇ ಬಂದು ನಿಲ್ಲುವುವು. ಎಲ್ಲೆಡೆಯೂ ಅರ್ಥವು ಇಷ್ಟು ಸರಳವಲ್ಲ. ದೋರ್ಮೀರ್ ಎಂದರೆ ನಿದ್ರಿಸು, ದೋರ್ಮೀರ್ಸೆ ಎಂದರೆ ನಿದ್ದೆಹತ್ತು. ಮರೆವಿಗಂತೂ "ಸೆ ಮೆ ಒಲ್ವಿದಾಬ" ಎನ್ನುವರು. 'ನನಗೆ ಮರೆತುಹೋಗುತ್ತಿತ್ತು' ಎಂಬ ನಮ್ಮ ಮಾತಿನಂತೆಯೇ, ಅಲ್ಲಿ ಮನುಷ್ಯನು ಕರ್ತೃವಲ್ಲ.

ಎರಡನೆಯದು ಕಾಲದ ವಿಷಯ. ಪಾಣಿನಿಯು ಭೂತಕಾಲವನ್ನು ಇಂದಿನದೇ ಅಲ್ಲವೇ, ಕಂಡುದೇ ಕಾಣದುದೇ ಎಂಬುದರಿಂದ ವಿಭಾಗಿಸಿದನು. ಸ್ಪ್ಯಾನಿಷ್ ವ್ಯಾಕರಣವು ಕೇಳುವ ಪ್ರಶ್ನೆ ಬೇರೆ: ಆ ಕಾರ್ಯದ ಕೊನೆಯನ್ನು ಹೇಳುವೆಯೋ, ತೆರೆದೇ ಬಿಡುವೆಯೋ? "ಸೆ ಲೆವಂತೊ" ಎಂದರೆ ಎದ್ದರು, ಮುಗಿಯಿತು. "ಸೆ ಲೆವಂತಾಬ" ಎಂದರೆ ಏಳುತ್ತಿದ್ದರು. ಇದು ದೀರ್ಘಕಾಲದ ಮಾತೆಂದು ಭ್ರಮಿಸಬಾರದು. ನಲವತ್ತು ವರ್ಷಕಾಲ ಹಾಗೆ ಎದ್ದರು ಎಂದು ಲೆಕ್ಕವಿಟ್ಟು ಮುಗಿಸಿದರೆ ಪೂರ್ಣಭೂತವೇ ಬರುವುದು. ಗಡುವನ್ನು ಹೇಳದೆ ಆ ದಿನಗಳೊಳಗೆ ನಿಂತು ನೋಡಿದರೆ ಅಪೂರ್ಣಭೂತ. ರೂಪಸಿದ್ಧಿಯಾದರೋ ಸುಲಭ: ಆರ್ ಎಂದು ಮುಗಿಯುವ ಧಾತುಗಳಿಗೆ ಲ್ಯಾಟಿನ್ನಿನಿಂದ ಬಂದ 'ಆಬ', ಎರ್ ಮತ್ತು ಇರ್ ಎಂಬುವಕ್ಕೆ 'ಈಅ'. ಈ ಕಾಲದಲ್ಲಿ ನಿಯಮ ತಪ್ಪುವ ಧಾತುಗಳು ಮೂರೇ: ಇರ್, ಸೆರ್, ವೆರ್. ಚಿಲಿ ದೇಶದಲ್ಲಿ ನೆಲಸಿದ್ದ ಆಂದ್ರೆಸ್ ಬೆಲ್ಯೊ ಎಂಬ ಮಹಾವೈಯಾಕರಣನು 1847ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು 'ಸಹಭೂತ'ವೆಂಬ ಅರ್ಥದ ಹೆಸರಿನಿಂದ ಕರೆದನು. ಮತ್ತೊಂದು ಭೂತಕಾರ್ಯದ ಜೊತೆಯಲ್ಲಿ ನಡೆಯುತ್ತಿದ್ದುದು ಎಂದು ತಾತ್ಪರ್ಯ. 1605ರಲ್ಲಿ ಹೊರಬಂದ ದೋನ್ ಕಿಹೋತೆಯ ಮೊದಲ ಅಧ್ಯಾಯದಲ್ಲಿ ಸೆರ್ವಾಂತೆಸನು ನಾಯಕನ ಗ್ರಂಥವ್ಯಸನವನ್ನು ಹೇಳುವಾಗ 'ತನ್ನನ್ನು ಒಪ್ಪಿಸಿಕೊಳ್ಳು' ಎಂಬರ್ಥದ ಆತ್ಮಾರ್ಥಕ ಕ್ರಿಯೆಯನ್ನು ಈ ಕಾಲದಲ್ಲಿಯೇ ಇಟ್ಟಿರುವನು. ಬೇಟೆಯನ್ನು ಮರೆತುಬಿಟ್ಟನೆಂದು ಹೇಳುವಾಗ ಮಾತ್ರ ಪೂರ್ಣಭೂತ. ವ್ಯಸನವು ನಡೆಯುತ್ತಲೇ ಇತ್ತು. ಮರೆವು ಮುಗಿದ ಕೆಲಸ.

ವಿಚಿತ್ರವೇನೆಂದರೆ, ಆ ತರುಣನ ತಾಯ್ನುಡಿಯಲ್ಲಿ ಎರಡು ಸಾಧನಗಳೂ ಸಿದ್ಧವಾಗಿದ್ದುವು. 'ಕೊಳ್ಳು' ಇತ್ತು, 'ಉತ್ತಿದ್ದರು' ಇತ್ತು. ತೊಳೆದುಕೊಳ್ಳುತ್ತಿದ್ದರು ಎಂಬ ಒಂದೇ ಪದದಲ್ಲಿ ಆ ಭಾಷೆಯ ಎರಡು ಕಷ್ಟಗಳೂ ಅಡಗಿವೆ. ಆದರೆ ಅವನು ಸ್ಪ್ಯಾನಿಷನ್ನು ಕಲಿತುದು ಇಂಗ್ಲೀಷಿನ ಮೂಲಕ. ಇಂಗ್ಲೀಷಿನಲ್ಲಿ ಏಳುವವನಿಗೆ 'ತನ್ನನ್ನು' ಎಂಬುದು ಬೇಕಿಲ್ಲ. ಒಂದು ದಿನ ಎದ್ದುದಕ್ಕೂ ಪ್ರತಿದಿನ ಏಳುತ್ತಿದ್ದುದಕ್ಕೂ ಒಂದೇ ರೂಪ ಸಾಕು. ಮನೆಯ ಬಾವಿಯನ್ನು ಬಿಟ್ಟು ದೂರದ ಕೆರೆಗೆ ನೀರಿಗೆ ಹೋದಂತಾಗಿತ್ತು ಅವನ ವ್ಯವಹಾರ.

ಆ ರಾತ್ರಿ ಅದು ಅವನಿಗೆ ಹೊಳೆಯಿತು. ಮೊದಲು ಕನ್ನಡದಲ್ಲಿ ನೆನೆದು, ಅನಂತರ ಮಾತನಾಡಿದನು. "ಸೆ ಲೆವಂತಾಬ" ಎಂದನು. ಆಕೆ ತಲೆದೂಗಿದಳು. ತಣ್ಣೀರಿನಲ್ಲಿ ಮೀಯುತ್ತಿದ್ದರು, ದೀಪದ ಮುಂದೆ ಕುಳಿತುಕೊಳ್ಳುತ್ತಿದ್ದರು ಎಂದು ಒಂದೊಂದಾಗಿ ಬಂದಿತು. ಈ ಕಾಲದಲ್ಲಿ ನಾನು ಎಂಬುದಕ್ಕೂ ಅವರು ಎಂಬುದಕ್ಕೂ ಕ್ರಿಯಾಪದ ಒಂದೇ. ಮೆ, ಸೆ ಎಂಬಷ್ಟರಲ್ಲಿಯೇ ತಂದೆಮಕ್ಕಳ ಭೇದ. ಬಾಲ್ಯದಲ್ಲಿ ಪಾಠಕ್ಕಾಗಿ ತಂದೆಯೊಡನೆಯೇ ಏಳುತ್ತಿದ್ದುದು ನೆನಪಾಗಿ, "ನೊಸ್ ಲೆವಂತಾಬಾಮೊಸ್" ಎಂದನು. ನಾವು ಏಳುತ್ತಿದ್ದೆವು.

ಮುದುಕಿಯು ಸ್ವಲ್ಪಹೊತ್ತು ಸುಮ್ಮನಿದ್ದು, ತಂದೆಯ ಹೆಸರೇನಿತ್ತೆಂದು ಕೇಳಿದಳು. ಆ ನುಡಿಯಲ್ಲಿ ಹೆಸರಿಗೂ ಆತ್ಮಾರ್ಥಕ ಕ್ರಿಯೆಯೇ ಬೇಕು. ಗತಿಸಿದವರಿಗೆ ಅದನ್ನು ಅಪೂರ್ಣಭೂತದಲ್ಲಿ "ಸೆ ಯಮಾಬ" ಎನ್ನುವುದು ರೂಢಿ. ಕನ್ನಡದಲ್ಲಿ ತಂದೆಯವರ ಹೆಸರು ಇಂಥದು ಎಂದರೆ ಸಾಕು. ಅಲ್ಲಿ ಕ್ರಿಯಾಪದವಿಲ್ಲ, ಆದುದರಿಂದ ಕಾಲವೂ ಇಲ್ಲ. ತರುಣನು ಒಂದು ಕ್ಷಣ ತಡೆದು, ಕ್ರಿಯಾಪದವನ್ನು ಬಿಟ್ಟು ಹೆಸರನ್ನು ಮಾತ್ರ ಹೇಳಿದನು. ಈ ಬಾರಿ ಆಕೆ ತಿದ್ದಲಿಲ್ಲ.