ಗಾಲಿಯ ಮೇಲೆ ಗೃಹಸ್ಥಾಶ್ರಮ

ಮನೆಯೆಂದರೆ ತಳಪಾಯವುಳ್ಳದ್ದು, ಬೇರೂರಿದ ಮರದಂತೆ ಒಂದೇ ಕಡೆ ನಿಂತಿರತಕ್ಕದ್ದು ಎಂದು ನಾವೂ ಬಹುಕಾಲ ನಂಬಿದ್ದೆವು. ಹೊಸಿಲಿಗೆ ಅರಿಸಿನ ಕುಂಕುಮವಿಟ್ಟು, ಹಬ್ಬಕ್ಕೆ ಬಾಗಿಲಿಗೆ ತೋರಣ ಕಟ್ಟಿ ಬೆಳೆದವರಿಗೆ ಬೇರೆ ಬಗೆಯ ಯೋಚನೆ ಹುಟ್ಟುವುದಾದರೂ ಹೇಗೆ? ಆದರೆ ಮೂರು ವರ್ಷಗಳ ಕಾಲ ನಮ್ಮ ಹೊಸಿಲೇ ತಿಂಗಳಿಗೆ ಎರಡು ಊರುಗಳನ್ನು ಕಂಡಿತು. ಆ ಸಂಸಾರದ ಸುಖದುಃಖಗಳನ್ನೂ, ಮುಖ್ಯವಾಗಿ ಅದರ ಲೆಕ್ಕವನ್ನೂ, ವಾಚಕರ ಮುಂದಿಡೋಣವೆಂದು ಈ ಲೇಖನ.

ನಾವಿಬ್ಬರೂ ಮೈಸೂರಿನವರು, ಅಮೆರಿಕದ ನ್ಯೂಜೆರ್ಸಿಯಲ್ಲಿ ಬಾಡಿಗೆ ಮನೆ ಹಿಡಿದು, ಅಲ್ಲಿಯ ಪೌರರೂ ಆಗಿದ್ದೆವು. 2020ರ ಸಾಂಕ್ರಾಮಿಕದಲ್ಲಿ ಕಚೇರಿಗಳು ಮುಚ್ಚಿ, ಮನೆಯಲ್ಲಿ ಕುಳಿತೇ ದುಡಿಯುವ ಪದ್ಧತಿ ಬಂದಿತು. ಅದೇ ವರ್ಷ ಊರಿನಲ್ಲಿ ಅಮ್ಮನ ಹೃದಯಕ್ಕೆ ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದು, ಅದಕ್ಕಾಗಿ ಸಾಲ ಮಾಡಿದೆವು. ಸಾಲದ ಬೆನ್ನಿಗೇ ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಹೋಯಿತು. ಉಳಿದ ಒಂದು ಸಂಬಳದಲ್ಲಿ 2,300 ಡಾಲರು ಬಾಡಿಗೆಗೇ ಹೋಗುತ್ತಿತ್ತು. ಕೆಲಸಕ್ಕೆ ಕಚೇರಿಯೇ ಬೇಡವಾದ ಮೇಲೆ ಕಚೇರಿಗೆ ಹತ್ತಿರವೆಂದು ಹಿಡಿದ ಈ ಮನೆ ಏತಕ್ಕೆ ಎಂಬ ಪ್ರಶ್ನೆ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಹುಟ್ಟಿತು. 2021ರ ವಸಂತದಲ್ಲಿ ಕುರ್ಚಿ ಮೇಜುಗಳನ್ನೂ ಕಾರನ್ನೂ ಮಾರಿ, 22 ಅಡಿ ಉದ್ದದ ಹಳೆಯ ಟ್ರೇಲರನ್ನೂ ಅದನ್ನೆಳೆಯಲು ಒಂದು ಹಳೆಯ ಟ್ರಕ್ಕನ್ನೂ ಕೊಂಡೆವು. ಕಚೇರಿಯ ಅಪ್ಪಣೆಯನ್ನೂ ಬರವಣಿಗೆಯಲ್ಲಿ ಪಡೆದೆವು. ನೌಕರಿಯ ವೀಸಾದ ಮೇಲೆ ಬಂದವರು ನಮ್ಮನ್ನು ಅನುಕರಿಸುವುದು ಸುಲಭವಲ್ಲ. ಅವರ ಅರ್ಜಿಯಲ್ಲಿ ಕೆಲಸದ ಸ್ಥಳವನ್ನು ಹೆಸರಿಸಿಯೇ ಇರಬೇಕಾಗುತ್ತದೆ.

ಬಂಡಿಯ ಸಂಸಾರ ಮೊದಲು ಕಲಿಸುವ ಪಾಠ ಮಿತವ್ಯಯ. ನಲ್ಲಿ ತಿರುಗಿಸಿದರೆ ನೀರು ಬರುವುದೇನೋ ನಿಜ. ಆದರೆ ತೊಟ್ಟಿಯಲ್ಲಿರುವುದು ಸುಮಾರು 150 ಲೀಟರು ಮಾತ್ರ. ಪಾತ್ರೆ ತೊಳೆದ ನೀರಿಗೆ ಒಂದು ತೊಟ್ಟಿ, ಶೌಚದ ನೀರಿಗೆ ಇನ್ನೊಂದು. ಅವು ತುಂಬಿದಾಗ ನೇಮಕವಾದ ಸ್ಥಳಕ್ಕೆ ಬಂಡಿಯನ್ನು ಒಯ್ದು ನಾವೇ ಖಾಲಿ ಮಾಡಬೇಕು. ಈ ಕೆಲಸವನ್ನು ಕೈಗವಸು ಹಾಕಿ ಮೊದಲ ಸಲ ಮಾಡಿದ ದಿನ ನಮ್ಮ ವಿದ್ಯೆಯ ಗರ್ವವೆಲ್ಲ ಇಳಿಯಿತು. ವಿದ್ಯುತ್ತು ಛಾವಣಿಯ ಮೇಲಿನ ಸೌರಫಲಕಗಳಿಂದ. ಮೋಡ ಕವಿದ ದಿನ ಕಚೇರಿಯ ಕೆಲಸಕ್ಕೆ ಬ್ಯಾಟರಿಯನ್ನು ಉಳಿಸಲು ಸಂಜೆ ದೀಪವಾರಿಸಿ ಕುಳಿತದ್ದುಂಟು. ಉಪಗ್ರಹದ ಮೂಲಕ ಬರುವ ಅಂತರ್ಜಾಲಕ್ಕೆ 2022ರಲ್ಲಿ ತಿಂಗಳಿಗೆ 135 ಡಾಲರು ತೆತ್ತೆವು. ಬೇರೆ ಯಾವ ಖರ್ಚನ್ನು ಕಡಿದರೂ ಇದನ್ನು ಕಡಿಯುವಂತಿರಲಿಲ್ಲ, ಏಕೆಂದರೆ ಅನ್ನದ ದಾರಿ ಅದೇ.

ಇನ್ನು ನಿಲ್ಲುವ ಜಾಗ. ಪಶ್ಚಿಮದ ಸಂಸ್ಥಾನಗಳಲ್ಲಿ ಕೇಂದ್ರ ಸರ್ಕಾರದ ಬಯಲುಭೂಮಿ ವಿಶೇಷವಾಗಿದೆ. ಅದರಲ್ಲಿ ಬಹುಭಾಗದಲ್ಲಿ ಬಾಡಿಗೆಯಿಲ್ಲದೆ ಸಾಮಾನ್ಯವಾಗಿ 14 ದಿನ ಇರಬಹುದು. ಅನಂತರ ಬಂಡಿ ಕಟ್ಟಬೇಕು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಮರುಭೂಮಿಯ ಊರಿನ ಹತ್ತಿರ ಚಳಿಗಾಲದ ದೀರ್ಘವಾಸಕ್ಕೆಂದೇ ಬಿಟ್ಟ ಬಯಲುಂಟು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿರಲು 2022ರಲ್ಲಿ ನಾವು ಕೊಟ್ಟದ್ದು ಒಟ್ಟು 180 ಡಾಲರು, ಎಂದರೆ ತಿಂಗಳಿಗೆ 26ಕ್ಕಿಂತ ಕಡಮೆ! ನೀರು ತುಂಬಲೂ ತೊಟ್ಟಿ ಖಾಲಿ ಮಾಡಲೂ ಅಲ್ಲೇ ಅನುಕೂಲವಿತ್ತು. ನೆರೆಯವರು ಹೆಚ್ಚಾಗಿ ವಿಶ್ರಾಂತಿವೇತನದ ವೃದ್ಧರು. ವಿನೋದಕ್ಕಾಗಿ ಬಂದವರೂ ಇದ್ದರು, ಬೇರೆ ಗತಿಯಿಲ್ಲದೆ ಬಂದವರೂ ಇದ್ದರು. ಹೊರಗಿನಿಂದ ನೋಡಿದರೆ ಬಂಡಿಗಳೆಲ್ಲ ಒಂದೇ. ಒಳಗಿನ ಕಥೆ ಕೇಳಿದ ಮೇಲೆಯೇ ವ್ಯತ್ಯಾಸ ತಿಳಿಯುತ್ತಿತ್ತು. ನಾವು ಯಾವ ಗುಂಪಿಗೆ ಸೇರಿದವರೆಂದು ನಮಗೇ ಎಷ್ಟೋ ಸಂಜೆ ಸಂದೇಹವಾಗುತ್ತಿತ್ತು.

ಅಡಿಗೆಯಲ್ಲಿಯೂ ಭೂಗೋಳಶಾಸ್ತ್ರ ಕಲಿತೆವು. ಕೊಲರಾಡೋದ ಲೆಡ್‌ವಿಲ್ ಊರು ಹತ್ತು ಸಾವಿರ ಅಡಿಗಿಂತಲೂ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿಟ್ಟ ತೊಗರಿಬೇಳೆ ಎಷ್ಟು ಕುದಿದರೂ ಬೇಯಲೊಲ್ಲದು. ಊರಿನಿಂದ ತಂದ ಕುಕ್ಕರೇ ನಮ್ಮ ಮಾನ ಕಾಯಿತು.

ಈಗ ನಮ್ಮ ದೊಡ್ಡ ತಪ್ಪಿನ ವಿಷಯ. 2023ರ ಮೇ ತಿಂಗಳಲ್ಲಿ ಪವೆಲ್ ಸರೋವರದ ದಂಡೆಯಲ್ಲಿ ಬೀಡುಬಿಟ್ಟಿದ್ದೆವು. ಆ ದಂಡೆ ಇರುವುದು ಯೂಟಾದಲ್ಲಿ. ಕೆಲವೇ ಮೈಲಿಗಳಾಚೆ ಅರಿಜೋನಾದ ಪೇಜ್ ಊರು. ಬೇಸಿಗೆಯಲ್ಲಿ ಯೂಟಾದವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಪೇಜ್‌ನವರು ಇಡುವುದಿಲ್ಲ. ನ್ಯೂಯಾರ್ಕಿನ ಮಧ್ಯಾಹ್ನ 12 ಗಂಟೆಯ ಸಭೆ ನಮಗೆ 10 ಗಂಟೆಗೆ ಎಂದು ಹಿಂದಿನ ದಿನ ಗುರುತು ಹಾಕಿಕೊಂಡಿದ್ದೆವು. ಬೆಳಗ್ಗೆ ಫೋನು ಪೇಜ್ ಕಡೆಯ ಗೋಪುರವನ್ನು ಹಿಡಿದು ಒಂದು ಗಂಟೆ ಹಿಂದೆ ಸರಿದಿತ್ತು. ಇನ್ನೂ 9 ಗಂಟೆಯೆಂದು ನಾವು ನಿಶ್ಚಿಂತೆಯಾಗಿ ಕಾಫಿ ಕುಡಿಯುತ್ತಿರುವಾಗ ಅಲ್ಲಿ ಸಭೆ ನಡೆಯುತ್ತಿತ್ತು. ಇದು ಮೊದಲ ತಪ್ಪಾಗಿರಲಿಲ್ಲ. ಹಿಂದೊಮ್ಮೆ ಕಣಿವೆಯಲ್ಲಿ ಸಂಪರ್ಕ ಕಡಿದುಹೋಗಿತ್ತು. ಮತ್ತೊಮ್ಮೆ ಹೀಗಾದರೆ ಬೇರೆ ಕೆಲಸ ನೋಡಿಕೊಳ್ಳಬಹುದೆಂದು ಮೇಲಧಿಕಾರಿಗಳಿಂದ ಪತ್ರ ಬಂದಿತು. ಮನೆ ನಡೆಸುತ್ತಿದ್ದುದು ಆ ಒಂದೇ ಸಂಬಳ. ಸಾಲ ಇನ್ನೂ ಅರ್ಧ ಉಳಿದಿತ್ತು. ಆ ರಾತ್ರಿ ನಾವಿಬ್ಬರೂ ಮಾತಾಡಲಿಲ್ಲ. ಇಪ್ಪತ್ತೆರಡಡಿಯ ಮನೆಯಲ್ಲಿ ಮುನಿಸಿಕೊಂಡು ಹೋಗಲು ಬೇರೆ ಕೋಣೆಯೂ ಇರಲಿಲ್ಲ.

ಬೆಳಗಾದ ಮೇಲೆ ಅಪ್ಪನವರ ಹಳೆಯ ಕೀಲಿ ಗಡಿಯಾರವನ್ನು ಪೆಟ್ಟಿಗೆಯಿಂದ ತೆಗೆದು, ನ್ಯೂಯಾರ್ಕಿನ ಕಾಲಕ್ಕೆ ಸರಿಪಡಿಸಿ, ಒಲೆಯ ಮೇಲುಗಡೆ ಮೊಳೆಗೆ ತೂಗುಹಾಕಿದೆವು. ಅದಕ್ಕೆ ಯಾವ ಗೋಪುರದ ಮಾತೂ ಕೇಳಿಸದು. ಅಂದಿನಿಂದ ದಿನಾ ಬೆಳಗ್ಗೆ ಕೀಲಿ ಕೊಡುವುದು ದೇವರಿಗೆ ದೀಪ ಹಚ್ಚಿದಷ್ಟೇ ನಿಯಮವಾಯಿತು. ಸಭೆ ಮತ್ತೆ ತಪ್ಪಲಿಲ್ಲ.

ಅಮ್ಮ ಫೋನಿನಲ್ಲಿ ಪ್ರತಿವಾರವೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮನೆಗೆ ಯಾವಾಗ ಹೋಗ್ತೀರಪ್ಪಾ?" ಮೆಂತ್ಯದ ಹಿಟ್ಟು ಕಳುಹಿಸಲು ಅವಳಿಗೆ ವಿಳಾಸ ಬೇಕಾಗಿತ್ತು. ನಮ್ಮ ವಿಳಾಸವೋ, ಬಂದ ಕಾಗದಗಳನ್ನು ಹಣ ಪಡೆದು ಮುಂದಕ್ಕೆ ಕಳುಹಿಸುವವರ ಒಂದು ಪೆಟ್ಟಿಗೆಯ ಸಂಖ್ಯೆ. ಸಾಲ ಅವಳಿಗಾಗಿ ಮಾಡಿದ್ದೆಂದು ನಾವು ಹೇಳಿರಲೇ ಇಲ್ಲ. ಆದರೆ ತಾಯಿಗೆ ತಿಳಿಯದ್ದು ಏನಿದೆ? 2024ರಲ್ಲಿ ಕೊನೆಯ ಕಂತು ತೀರಿತೆಂದು ಬಾಯಿತಪ್ಪಿ ಅಂದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಿಮ್ಮಪ್ಪನೂ ವಠಾರದ ಒಂದೇ ಕೋಣೇಲಿ ಆರು ವರ್ಷ ಇದ್ವು. ಅದನ್ನೂ ಮನೆ ಅಂತಲೇ ಕರೀತಿದ್ವು. ಇನ್ನು ಸಾಕು, ಒಂದು ಕಡೆ ಇರಿ," ಎಂದಳು.

ಆ ಶರತ್ಕಾಲದಲ್ಲಿ ನ್ಯೂಮೆಕ್ಸಿಕೋದಲ್ಲಿ ಎರಡು ಕೋಣೆಯ ಸಣ್ಣ ಮನೆ ಹಿಡಿದೆವು. ಬಂಡಿಯನ್ನು ಮಾರಿಲ್ಲ, ಹಿತ್ತಲಲ್ಲಿ ನಿಂತಿದೆ. ಈ ಮಾರ್ಗದಲ್ಲಿ ಹೊರಡಬೇಕೆನ್ನುವವರಿಗೆ ನಮ್ಮ ಮಾತು ಇಷ್ಟೇ: ಬಂಡಿಯ ಬೆಲೆಯಷ್ಟೇ ಮುಖ್ಯವಾಗಿ ದುರಸ್ತಿಯ ಹಣವನ್ನು ಬೇರೆಯಾಗಿ ತೆಗೆದಿಡಿ, ಮತ್ತು ಹೊರಡುವುದಕ್ಕೆ ಮೊದಲು, ಜಗಳವಾಡಿದ ದಿನವೂ ಒಂದೇ ದೀಪದ ಕೆಳಗೆ ಕುಳಿತಿರಬಲ್ಲಿರಾ ಎಂದು ಪರಸ್ಪರ ಕೇಳಿಕೊಳ್ಳಿ. ಅಪ್ಪನವರ ಗಡಿಯಾರ ಈಗಲೂ ಒಲೆಯ ಮೇಲುಗಡೆ ಇದೆ; ನ್ಯೂಯಾರ್ಕಿನ ಕಾಲವನ್ನೇ ತೋರಿಸುತ್ತಿದೆ. ಮೆಂತ್ಯದ ಹಿಟ್ಟಿನ ಗಂಟು ಈ ಸಲ ನೆಟ್ಟಗೆ ಬಾಗಿಲಿಗೇ ಬಂದಿತು.