ಕೀಚಕನ ವೇಷ

ನಮ್ಮ ಸೋಂಪುರದ ಕಡೆ ಬಯಲಾಟವೆಂದರೆ ಮೂಡಲಪಾಯ. ಕರಾವಳಿಯ ಪಡುವಲಪಾಯಕ್ಕಿರುವ ಹೆಸರು ಇದಕ್ಕಿಲ್ಲ. ಅಲ್ಲಿ ವೃತ್ತಿಮೇಳಗಳುಂಟು, ಶಿವರಾಮ ಕಾರಂತರಂಥವರು ಅದನ್ನು ಬ್ಯಾಲೆಯಾಗಿಯೂ ರೂಪಿಸಿದರು. ನಮ್ಮದು ಒಕ್ಕಲುಮಕ್ಕಳ ಆಟ. ಸುಗ್ಗಿ ಮುಗಿದ ಮೇಲೆ ಊರವರೇ ಕಲಿತು, ಊರವರೇ ಕುಣಿದು, ಊರವರೇ ನೋಡುವಂಥದು. ಜೀ. ಶಂ. ಪರಮಶಿವಯ್ಯನವರು ಇದರ ಕಡೆ ವಿದ್ವಾಂಸರ ಕಣ್ಣು ಹೊರಳಿಸಿದರೆಂದು ನಮ್ಮ ಕನ್ನಡ ಅಧ್ಯಾಪಕರು ತರಗತಿಯಲ್ಲಿ ಹೇಳಿದಾಗ, ನಮ್ಮಪ್ಪನ ಹೆಸರನ್ನೇ ಕೇಳಿದಷ್ಟು ಹಿಗ್ಗಾಯಿತು ನನಗೆ.

ಅಪ್ಪ ಓದುಬರಹ ಕಂಡವರಲ್ಲ. ಆದರೆ 'ಕೀಚಕವಧೆ' ಪ್ರಸಂಗ ಅವರಿಗೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಹಲವು ವರ್ಷ ಕೀಚಕನಾಗಿ ಕುಣಿದ ಅವರ ಮಂಡಿ ಕಳೆದ ವರ್ಷ ಸೋತಿತು. ಹಿಂದೆ ಒಂದು ವೇಷಕ್ಕೆ ನಾಲ್ವರು ಪೈಪೋಟಿ ನಡೆಸುತ್ತಿದ್ದರಂತೆ; ನಮ್ಮ ಹೋಬಳಿಯಲ್ಲಿ ಕೈಗಾರಿಕಾ ಪ್ರದೇಶ ಎದ್ದಮೇಲೆ ಹುಡುಗರೆಲ್ಲ ರಾತ್ರಿ ಪಾಳಿಯವರು. ಬೆಳಗಿನವರೆಗೆ ನಡೆಯುವ ಆಟಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. "ನೀನೇ ಕಟ್ಕೊ" ಎಂದರು ಅಪ್ಪ. "ಓದೋ ಹುಡುಗನ್ನ ಕುಣಿಯಾಕೆ ಹಾಕಬ್ಯಾಡಿ, ಪರೀಕ್ಷೆ ಅದೆ" ಎಂದಳು ಅವ್ವ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅವಳ ಭಯ ನನಗೆ ತಿಳಿಯದ್ದಲ್ಲ.

ಎರಡು ತಿಂಗಳು ಅಭ್ಯಾಸ ನಡೆಯಿತು. ಹೆಜ್ಜೆ ಹಾಕುವುದು, ಪದಕ್ಕೆ ದನಿಗೂಡಿಸುವುದು, ಮಾತು ಒಪ್ಪಿಸುವುದು, ಮೂರೂ ಒಂದೇ ಉಸಿರಿನಲ್ಲಿ ಆಗಬೇಕು. "ಕಾಲು ಬೀಳೋ ಸದ್ದಲ್ಲೇ ಗೊತ್ತಾಗ್ಬೇಕು ಕಣ್ಲಾ, ಇವನು ರಾಜನ ಬಾಮೈದ ಅಂತ" ಎಂಬುದು ಅಪ್ಪನ ಪಾಠ. ಪಾಶ್ಚಾತ್ಯರ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ಒಬ್ಬಳೇ ನರ್ತಕಿ ಬಿಳಿಹಂಸವೂ ಕರಿಹಂಸವೂ ಆಗಿ, ಒಂದೇ ಕಾಲಮೇಲೆ 32 ಸುತ್ತು ತಿರುಗುತ್ತಾಳೆಂದು ಓದಿದ್ದೇನೆ. ಆಕೆಗೆ ನನ್ನ ನಮಸ್ಕಾರ. ಆದರೆ ಆಕೆಯ ತಲೆಯ ಮೇಲೆ ಮರದ ಕಿರೀಟವಿರಲಾರದು! ನಮ್ಮ ಕಿರೀಟ, ಭುಜಕೀರ್ತಿ, ಎದೆಹಾರ ಎಲ್ಲವೂ ಮರದಲ್ಲಿ ಕೊರೆದು ಬೇಗಡೆ ಅಂಟಿಸಿದವು. ಕಟ್ಟಿದ ಹುರಿ ಒಂದು ಗಂಟೆಯೊಳಗೆ ಕಂಕುಳನ್ನು ಕೊಯ್ಯತೊಡಗುತ್ತದೆ.

ಆಟದ ರಾತ್ರಿ ತೆರೆಯ ಹಿಂದೆ ನಿಂತಾಗ ಮುಖವೀಣೆಯ ದನಿ ಎದೆಗೇ ಚುಚ್ಚಿತು. ಒಡ್ಡೋಲಗದ ಅಬ್ಬರ ಸಾಗಿಹೋಯಿತು. ಗೆಜ್ಜೆಯೇ ಅರ್ಧ ಕೆಲಸ ಮಾಡಿತು. ಕಷ್ಟವಾದದ್ದು ಸೈರಂಧ್ರಿಯನ್ನು ಕಂಡು ಕೀಚಕ ಮರುಳಾಗುವ ಕುಣಿತ. ಅಷ್ಟು ಭಾರ ಹೊತ್ತು ಹಗುರಾಗಿ ಕುಣಿಯಬೇಕು. ಮೂರು ಗಂಟೆಯ ಹೊತ್ತಿಗೆ ತೊಡೆಗಳು ನಡುಗುತ್ತಿದ್ದವು. ತಾಳ ಕಿವಿಗೆ ಬೀಳುತ್ತಿತ್ತು, ಕಾಲಿಗೆ ಇಳಿಯುತ್ತಿರಲಿಲ್ಲ. ಆಗ ಭಾಗವತರ ಪಕ್ಕದಲ್ಲಿ ಕುಳಿತಿದ್ದ ಅಪ್ಪ, ನೋಯುವ ಅದೇ ಮಂಡಿಯ ಮೇಲೆ ಅಂಗೈಯಿಂದ ತಾಳ ತಟ್ಟುತ್ತಿದ್ದುದು ಕಾಣಿಸಿತು. ಆ ಕೈಯನ್ನೇ ನೋಡಿಕೊಂಡು ಕುಣಿದೆ.

ಕೀಚಕ ಸಾಯುವುದು ನಾಟ್ಯಶಾಲೆಯಲ್ಲಿ. ಹೆಣ್ಣಿನ ಉಡುಪಿನ ಭೀಮ ನನ್ನನ್ನು ಹಿಡಿದಾಗ ಬಿದ್ದಂತೆ ನಟಿಸುವ ಅಗತ್ಯವಿರಲಿಲ್ಲ. ಮಲಗಿದ್ದಲ್ಲಿಂದಲೇ ಶಿವಗಂಗೆಯ ಬೆಟ್ಟದ ನೆತ್ತಿ ಬೆಳ್ಳಗಾಗುತ್ತಿದ್ದುದು ಕಂಡಿತು. ಅವ್ವ ಮುಂದಿನ ಸಾಲಿನಲ್ಲೇ ಚಾಪೆ ಹಾಸಿ ಕುಳಿತಿದ್ದಳು, ನಿದ್ದೆ ಮಾಡಿರಲಿಲ್ಲ.

ವೇಷ ಬಿಚ್ಚುವಾಗ ಕಂಕುಳಿನ ಗಾಯಕ್ಕೆ ಕೊಬ್ಬರಿ ಎಣ್ಣೆ ಸವರುತ್ತ ಅಪ್ಪ ಎಂದರು: "ಎರಡನೇ ಪದದಲ್ಲಿ ಎಡಗಾಲು ತಡವಾಯ್ತು." ಮರುದಿನ ಸಂಜೆ ಭಾಗವತರು ಹಾಳೆ ಉದುರುತ್ತಿದ್ದ ಪ್ರಸಂಗದ ಪ್ರತಿಯನ್ನು ತಂದು ನನ್ನ ಕೈಗಿತ್ತರು, ಹೊಸ ಪುಸ್ತಕಕ್ಕೆ ನಕಲು ಮಾಡಿಕೊಡಲು. ಅರ್ಧ ಮುಗಿದಿದೆ. ಅಕ್ಷರ ಮಾಸಿದ ಕಡೆ ಅಪ್ಪ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ.