ಹಳೆಯ ನಾಯಕನ ನಾಲ್ಕು ಮಾತು

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಹತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತು, ಲೆಕ್ಕದ ಉತ್ತರ ಸರಿಯಿದ್ದರೂ ಕ್ರಮ ಬರೆಯದೆ ನನ್ನಿಂದ ಅಂಕ ಕಳೆದುಕೊಳ್ಳುತ್ತಿದ್ದ ಹುಡುಗಿ. "ಸಾರ್, ಅಪ್ಪನಿಗೆ ಎಪ್ಪತ್ತು. ಭೀಮರಥ ಶಾಂತಿ ಇಟ್ಟುಕೊಂಡಿದ್ದೇವೆ. ಬಂಧುಗಳಿಗೆ ಹಂಚೋಕೆ ಒಂದು ಚಿಕ್ಕ ಪುಸ್ತಕ ಮಾಡಿಸ್ತಿದ್ದೀವಿ. ನೀವು ಅವರ ಕ್ಯಾಪ್ಟನ್ ಆಗಿದ್ದಿರಲ್ಲ, ನಾಲ್ಕು ಸಾಲು ಬರೆದುಕೊಡಿ" ಎಂದಳು. ಆಗಲಮ್ಮ ಎಂದೆ. ಒಪ್ಪಿಕೊಂಡದ್ದು ಎಷ್ಟು ಸುಲಭವಾಯಿತೋ ಬರೆಯುವುದು ಅಷ್ಟೇ ಕಷ್ಟವಾಯಿತು.

ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ಟಿನಲ್ಲಿ ಒಂದು ಸಂಪ್ರದಾಯವಿದೆ. ಒಂದೇ ಕೌಂಟಿಗಾಗಿ ಹತ್ತಾರು ವರ್ಷ ದುಡಿದ ಆಟಗಾರನಿಗೆ 'ಬೆನಿಫಿಟ್' ವರ್ಷವೆಂದು ಗೊತ್ತುಮಾಡಿ, ಅವನ ಸಹಾಯಾರ್ಥ ಪಂದ್ಯಗಳನ್ನೂ ಭೋಜನಕೂಟಗಳನ್ನೂ ಏರ್ಪಡಿಸುತ್ತಾರೆ. ಆ ಸಂದರ್ಭದ ಪುಸ್ತಿಕೆಯಲ್ಲಿ ಅವನ ಹಳೆಯ ನಾಯಕರು ಒಂದೆರಡು ಪುಟ ಬರೆಯುವುದುಂಟು. ದೇಶಕ್ಕಾಗಿ ಎಂದೂ ಆಡದ, ಆದರೆ ಇಲ್ಲದಿದ್ದರೆ ತಂಡವೇ ನಡೆಯದಂತಹ ಆಟಗಾರರು ಅವರಲ್ಲಿ ಬಹಳ ಮಂದಿ. ನಮ್ಮಲ್ಲಿ ಅಂತಹವರ ಬಗ್ಗೆ ಬರೆಯುವ ರೂಢಿ ಕಡಿಮೆ. ತೀರಿಕೊಂಡ ಮರುದಿನ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಒಂದು ಸುದ್ದಿ ಬಂದರೆ ಅದೇ ದೊಡ್ಡದು.

2021ರ ಜೂನ್ ತಿಂಗಳಲ್ಲಿ ಹಾಗೊಂದು ಸುದ್ದಿ ಬಂದಿತ್ತು. ಕರ್ನಾಟಕದ ಬಿ. ವಿಜಯಕೃಷ್ಣ ತಮ್ಮ 71ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಿದ್ದರು. ನನ್ನ ಶಿಷ್ಯರಲ್ಲಿ ಅನೇಕರಿಗೆ ಆ ಹೆಸರು ಹೊಸದೆನಿಸಬಹುದು. ಎಡಗೈ ಸ್ಪಿನ್ ಬೌಲರ್, ಕೆಳ ಕ್ರಮಾಂಕದಲ್ಲಿ ಬಂದು ಬೀಸಿ ಹೊಡೆಯುತ್ತಿದ್ದ ಬ್ಯಾಟುಗಾರ. ನಮ್ಮ ರಾಜ್ಯಕ್ಕೆ ಮೈಸೂರು ಎಂದು ಹೆಸರಿದ್ದ 1968-69ರಲ್ಲಿ ಆಡಲಾರಂಭಿಸಿ, ಕರ್ನಾಟಕವೆಂದಾದ ಮೇಲೂ ಹತ್ತು ವರ್ಷ ಆಡಿ, 1983-84ರಲ್ಲಿ ನಿಲ್ಲಿಸಿದವರು. 80 ಪ್ರಥಮ ದರ್ಜೆ ಪಂದ್ಯ, 194 ವಿಕೆಟ್, 2000ಕ್ಕೂ ಹೆಚ್ಚು ರನ್. ಟೆಸ್ಟ್ ಮಾತ್ರ ಒಂದೂ ಇಲ್ಲ.

ಏಕೆ ಇಲ್ಲ ಎಂಬುದಕ್ಕೆ ಉತ್ತರ ಸುಲಭ. ಎಡಗೈ ಸ್ಪಿನ್ನರನಿಗೆ ಭಾರತ ತಂಡದಲ್ಲಿ ಇದ್ದದ್ದು ಒಂದೇ ಸ್ಥಾನ. ಅಲ್ಲಿ 1966ರಿಂದ 1979ರವರೆಗೆ ಬಿಷನ್ ಸಿಂಗ್ ಬೇಡಿ ಕುಳಿತಿದ್ದರು. 67 ಟೆಸ್ಟ್, 266 ವಿಕೆಟ್. ಹರಿಯಾಣದ ರಾಜಿಂದರ್ ಗೋಯೆಲ್ ರಣಜಿಯಲ್ಲಿ 637 ವಿಕೆಟ್ ತೆಗೆದರೂ ಒಂದು ಟೆಸ್ಟ್ ಆಡಲಿಲ್ಲ, ಬೊಂಬಾಯಿಯ ಪದ್ಮಾಕರ್ ಶಿವಾಳ್ಕರ್ ಕೂಡ ಆಡಲಿಲ್ಲ. ಅವರಿಗೇ ಇಲ್ಲದ ಭಾಗ್ಯ ವಿಜಯಕೃಷ್ಣರಿಗೆ ಎಲ್ಲಿಂದ ಬರಬೇಕು? ಆದರೆ ಅವರ ಪಾಡು ಆ ಇಬ್ಬರಿಗಿಂತ ಒಂದು ವಿಷಯದಲ್ಲಿ ಬೇರೆ. ಸ್ವಂತ ರಾಜ್ಯದ ತಂಡದಲ್ಲೇ ಅವರ ಮುಂದೆ ಪ್ರಸನ್ನ ಮತ್ತು ಚಂದ್ರಶೇಖರ್ ಇದ್ದರು. ಬೇಡಿ, ಪ್ರಸನ್ನ, ಚಂದ್ರ, ವೆಂಕಟರಾಘವನ್ ಎಂಬ ಜಗತ್ಪ್ರಸಿದ್ಧ ನಾಲ್ವರಲ್ಲಿ ಇಬ್ಬರು ನಮ್ಮವರೇ! 80 ಪಂದ್ಯಕ್ಕೆ 194 ವಿಕೆಟ್ ಎಂದರೆ ಪಂದ್ಯಕ್ಕೆ ಸುಮಾರು ಎರಡೂವರೆ. ಬರಿಯ ಸಂಖ್ಯೆ ನೋಡಿದರೆ ಸಾಧಾರಣವೇ. ಆದರೆ ಆ ಇಬ್ಬರು ಉಂಡು ಉಳಿದದ್ದರಲ್ಲಿ ಪಡೆದ 194 ಅದು. ಗಣಿತದ ಮೇಷ್ಟರಾಗಿ ನಾನು ಹುಡುಗರಿಗೆ ಸದಾ ಹೇಳುತ್ತಿದ್ದೆ, ಛೇದ ನೋಡದೆ ಭಿನ್ನರಾಶಿಯನ್ನು ಅಳೆಯಬೇಡಿ ಎಂದು.

ಕರ್ನಾಟಕ 1973-74ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ರಣಜಿ ಗೆದ್ದಾಗ ನನಗೆ ಹದಿನಾರು. ಸತತವಾಗಿ 15 ವರ್ಷ ಟ್ರೋಫಿಯನ್ನು ಬಿಟ್ಟುಕೊಡದ ಬೊಂಬಾಯಿ, ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಸೋತಿತ್ತು. ವಿಶ್ವನಾಥರ 162, ಬ್ರಿಜೇಶ್ ಪಟೇಲರ ಶತಕ, ಗಾವಸ್ಕರ್ ಪ್ರಸನ್ನರಿಗೆ ಬೌಲ್ಡ್ ಆದದ್ದು, ವಾಡೇಕರ್ ಓಡುವಾಗ ಜಾರಿ ರನ್ ಔಟ್ ಆದದ್ದು, ಎಲ್ಲವೂ ನಮಗೆ ಪುರಾಣಕಥೆಗಳಂತೆ ಬಾಯಿಪಾಠವಾಗಿದ್ದವು. ಆಗ ಉಪ್ಪಾರಹಳ್ಳಿಯ ಹುಡುಗರಲ್ಲಿ ಪ್ರತಿಯೊಬ್ಬನೂ ಒಬ್ಬ ಆಟಗಾರನನ್ನು ತನ್ನದಾಗಿಸಿಕೊಂಡಿದ್ದ. ನಾನು ವಿಶ್ವನಾಥ್ ಆದೆ. ಎತ್ತರವೊಂದನ್ನು ಬಿಟ್ಟು ಬೇರೆ ಯಾವ ಹೋಲಿಕೆಯೂ ಇರಲಿಲ್ಲ. ಇವನು ಮಾತ್ರ, ಯಾರೂ ಕೇಳದಿದ್ದ ವಿಜಯಕೃಷ್ಣರನ್ನು ಆರಿಸಿಕೊಂಡ. ಇವನೂ ಎಡಗೈಯವನು.

ಎಪ್ಪತ್ತರ ದಶಕದ ನಡುವಿನಲ್ಲಿ ನಾವಿಬ್ಬರೂ ಮೀಟರ್ ಗೇಜ್ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಒಂದು ರಣಜಿ ಪಂದ್ಯ ನೋಡಿದ್ದೆವು. ಬೆಳಗಿನಿಂದ ಪ್ರಸನ್ನ ಒಂದು ಕಡೆ, ಚಂದ್ರ ಇನ್ನೊಂದು ಕಡೆ. ಎಲ್ಲರ ಕಣ್ಣೂ ಪಿಚ್ಚಿನ ಮೇಲಿದ್ದರೆ ಇವನ ಕಣ್ಣು ಫೀಲ್ಡಿನಲ್ಲಿ ನಿಂತ ವಿಜಯಕೃಷ್ಣರ ಮೇಲೆ. "ನೋಡೋ, ಕೈ ಬೆಚ್ಚಗೆ ಇಟ್ಕೊಂಡಿದ್ದಾರೆ. ಯಾವಾಗ ಕರೀತಾರೋ ಗೊತ್ತಿಲ್ಲವಲ್ಲ" ಎಂದ. ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಕೊನೆಗೂ ಚೆಂಡು ಅವರ ಕೈಗೆ ಬಂದಾಗ ಇವನೊಬ್ಬನೇ ಎದ್ದುನಿಂತು ಚಪ್ಪಾಳೆ ತಟ್ಟಿದ. ಸುತ್ತ ಕುಳಿತವರು ನಕ್ಕರು.

ನಾನು ಹನ್ನೆರಡು ವರ್ಷ ನಮ್ಮ ಬೀದಿಯ ತಂಡದ ನಾಯಕನಾಗಿದ್ದೆ. ಅಷ್ಟೂ ವರ್ಷ ಇವನು ಆಡಿದ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರ ಬೆಳಿಗ್ಗೆ ಮೂಟೆಗಳ ಎಣಿಕೆ ಮುಗಿಸಿ, ತಲೆಗೂದಲಲ್ಲಿ ತೌಡಿನ ಪುಡಿ ಇರುವಂತೆಯೇ ಬರುತ್ತಿದ್ದ. ರಾಗಿ ಕೊಯ್ದ ಹೊಲವೋ, ಸರ್ಕಾರಿ ಜೂನಿಯರ್ ಕಾಲೇಜಿನ ಮೈದಾನವೋ, ಎಲ್ಲಾದರೂ ಮೊದಲು ನೆಲ ಗುಡಿಸಿ, ತೆಂಗಿನ ನಾರಿನ ಮ್ಯಾಟು ಹಾಸಿ, ಎಳೆದು ಮೊಳೆ ಹೊಡೆಯುವವನು ಇವನೇ. ಆ ಮ್ಯಾಟು ಹೊರುವುದೆಂದರೆ ಇಬ್ಬರ ಕೆಲಸ. ಕುಣಿಗಲ್ಲಿಗೆ ಹೋದಾಗ ಬಸ್ಸಿನ ಮೇಲೇರಿಸಲು ಕಂಡಕ್ಟರನ ಕಾಲು ಹಿಡಿದದ್ದೂ ಇವನೇ. ಬೌಲಿಂಗಿಗೆ ನಾನು ಕರೆಯುತ್ತಿದ್ದದ್ದು ಮೂರನೆಯವನಾಗಿಯೋ ನಾಲ್ಕನೆಯವನಾಗಿಯೋ. ಮ್ಯಾಟಿನ ಮೇಲೆ ಕಾರ್ಕ್ ಚೆಂಡು ಎಗರುವುದರಿಂದ ವೇಗದ ಹುಡುಗರಿಗೆ ಚೆಂಡು ಬಿಡಲು ಮನಸ್ಸಿಲ್ಲ. ಅವರು ದಣಿದು, ಎದುರಾಳಿಗಳು ಕುದುರಿಕೊಂಡ ಮೇಲೆ ಇವನ ಕಡೆ ನೋಡುತ್ತಿದ್ದೆ. ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಚೆಂಡು ಬೀಳಿಸುತ್ತಿದ್ದ. ನಾಲ್ಕು ಚೆಂಡು ಹೊರಕ್ಕೆ ತಿರುಗಿಸಿ ಐದನೆಯದನ್ನು ತಿರುಗಿಸದೆ ಒಳಕ್ಕೆ ಬಿಡುತ್ತಿದ್ದ. ಸ್ಟಂಪು ಬಿದ್ದರೂ ಹಲ್ಲು ಕಾಣುವಂತೆ ನಕ್ಕವನಲ್ಲ.

ಇಷ್ಟನ್ನೆಲ್ಲ ಬರೆದು, ಒಂದೆರಡು ವಿಶೇಷಣ ಸೇರಿಸಿ, ಅಚ್ಚಿಗೆ ಕೊಡುವ ಮೊದಲು ಅವನಿಗೇ ಓದಿ ತೋರಿಸೋಣವೆಂದು ಹೋದೆ. ಕಾಫಿ ಬಂತು. ಕನ್ನಡಕ ಹಾಕಿಕೊಂಡು, ಗಿರಣಿಯ ಖಾತೆ ಪುಸ್ತಕ ನೋಡುವಂತೆ ಬೆರಳಿಟ್ಟು ಸಾಲುಸಾಲಾಗಿ ಓದಿದ. ಕೊನೆಯಲ್ಲಿ ತಲೆಯೆತ್ತಿ, "ಎಲ್ಲಾ ಸರಿ ಮೇಷ್ಟ್ರೇ, ಆ ಗುಬ್ಬಿ ಮ್ಯಾಚು ಎಲ್ಲಿ ಹೋಯ್ತು?" ಎಂದ.

ನಾನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ.

1984ರಲ್ಲಿ ಗುಬ್ಬಿಯಲ್ಲಿ ಒಂದು ಟೂರ್ನಮೆಂಟಿನ ಫೈನಲ್ ತಲುಪಿದ್ದೆವು, ಮೊದಲ ಬಾರಿಗೆ ಮತ್ತು ಕೊನೆಯ ಬಾರಿಗೆ. ಹಿಂದಿನ ರಾತ್ರಿ ಬೆಂಗಳೂರಿನಿಂದ ಒಬ್ಬ ಹುಡುಗ ನೆಂಟರ ಮನೆಗೆ ಬಂದಿದ್ದ; ಅಲ್ಲಿ ಲೀಗ್ ಆಡುವವನು, ಬಿಳಿ ಬೂಟು, ಸ್ವಂತ ಪ್ಯಾಡು. ನಾನು ಬೆರಗಾದೆ. ಬೆಳಿಗ್ಗೆ ಹನ್ನೊಂದು ಹೆಸರು ಓದುವಾಗ ಇವನ ಹೆಸರು ಬಿಟ್ಟು ಆ ಹುಡುಗನ ಹೆಸರು ಓದಿದೆ. ಇವನು ಆಗತಾನೆ ಕೊನೆಯ ಮೊಳೆ ಹೊಡೆದು ಮ್ಯಾಟಿನ ಮೇಲಿಂದ ಏಳುತ್ತಿದ್ದ. ಏನೂ ಅನ್ನಲಿಲ್ಲ. ಕೈ ಒರೆಸಿಕೊಂಡು ಹೋಗಿ ಸ್ಕೋರು ಬರೆಯಲು ಕುಳಿತ. ನಾವು ಸೋತೆವು. ಮುಂದಿನ ಭಾನುವಾರ ಇವನು ಎಂದಿನಂತೆ ಮ್ಯಾಟು ಹೊತ್ತು ಬಂದ. ಅದೇ ನನಗೆ ಕ್ಷಮೆ ಸಿಕ್ಕಂತೆ ಎಂದುಕೊಂಡೆ. ಕೇಳದೆ ಸಿಕ್ಕ ಕ್ಷಮೆಯನ್ನು ನಂಬಿಕೊಂಡು ನಲವತ್ತು ವರ್ಷ ಕಳೆದೆ. ವಿಜಯಕೃಷ್ಣರನ್ನು ಆರಿಸದೆ ಬಿಟ್ಟ ದೊಡ್ಡವರಿಗೆ ಬೇಡಿ ಎಂಬ ಕಾರಣವಾದರೂ ಇತ್ತು. ನನಗಿದ್ದ ಕಾರಣ ಒಂದು ಜೊತೆ ಬಿಳಿ ಬೂಟು.

ಅಂದು ಅವನ ಮನೆಯ ಜಗಲಿಯಲ್ಲಿ ಕುಳಿತು, "ತಪ್ಪಾಯ್ತು ಕಣೋ" ಎಂದೆ. ಅವನಿಗೆ ಮುಜುಗರವಾಯಿತೆಂದು ಕಾಣುತ್ತದೆ, ಒಳಗೆದ್ದು ಹೋದ. ಬರುವಾಗ ಕೈಯಲ್ಲಿ ಹಳೆಯ ಸ್ಕೋರು ಪುಸ್ತಕ. ಅವನದೇ ದುಂಡನೆಯ ಅಕ್ಷರ, ಶಾಯಿ ಮಾಸಿದೆ. ಹನ್ನೊಂದು ಹೆಸರುಗಳ ಕೆಳಗೆ ಹನ್ನೆರಡನೆಯದಾಗಿ ತನ್ನ ಹೆಸರನ್ನು ತಾನೇ ಬರೆದುಕೊಂಡಿದ್ದ.

"ಅದನ್ನೂ ಬರಿ" ಎಂದ. "ಆದರೆ ಆ ಹುಡುಗನ್ನ ಬೈಬೇಡ. ಅವನಿಗೇನು ಗೊತ್ತು ಪಾಪ."

"ಆರು ಓವರಿಗೆ ನಲವತ್ಮೂರು ಕೊಟ್ಟನಲ್ಲೋ" ಎಂದೆ ನಾನು.

ಅವನು ಪುಟದ ಮೇಲೆ ಬೆರಳಿಟ್ಟ. "ನಲವತ್ತೊಂದು. ಎರಡು ಬೈ. ಅದು ಬೌಲರ್ ಲೆಕ್ಕಕ್ಕೆ ಬರಲ್ಲ."